ಮೈಕಕ್ಕನ ಹಿಪ್‌ಹಾಪ್ ಕ್ರಿಸ್‌ಮಸ್

ಮೊದಲ ಅಭಿಪ್ರಾಯ ಬಂದದ್ದು ಇಸ್ತ್ರಿ ಮಾಡುವವನಿಂದ. "ಅಕ್ಕಾ, ಹಾಡೆಲ್ಲ ಸರಿ. ಮಧ್ಯೆ ಮಧ್ಯೆ ಕರೆಂಟ್ ಹೋಗುತ್ತಲ್ಲ, ಯಾಕೆ?"

ಮೈಕಕ್ಕ ಕೈಯಲ್ಲಿದ್ದ ಒದ್ದೆ ಬೆಡ್‌ಶೀಟನ್ನು ತಳ್ಳುಗಾಡಿಗೆ ಎಸೆದು, "ಕರೆಂಟ್ ಹೋಗಿರೋದು ನಿನ್ನ ತಲೇಲಿ," ಅಂದಳು. ಅಂದಳೇ ಹೊರತು ಮಾತು ಚುಚ್ಚಿಕೊಂಡಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೂ ಮೂವರು ಅದನ್ನೇ ಹೇಳಿದರು. ಹಾಡಿನಲ್ಲಿ ತೂತು ಇದೆ.

ಮೈಕಕ್ಕ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವಳು. ಆರು ದೊಡ್ಡ ಮೆಷಿನ್ನು, ಎರಡು ಇಸ್ತ್ರಿ ಮೇಜು, ಮಡಚುವುದಕ್ಕೆ ಒಂದು ಉದ್ದನೆಯ ಹಲಗೆ, ಗೋಡೆ ತುಂಬ ಹಬೆಯ ಬೆವರು. ಮೂವತ್ತೊಂದು ವರ್ಷ ಅಲ್ಲೇ ದುಡಿದಿದ್ದಾಳೆ. ಊರಿನ ಅರ್ಧ ಜನ ಹುಟ್ಟಿದಾಗ ಹಾಸಿದ್ದ ಬಟ್ಟೆ ಅವಳ ಕೈಯಲ್ಲೇ ಬೆಳ್ಳಗಾಗಿದೆ. ಅವರಲ್ಲಿ ಒಬ್ಬರೂ ಕೆಳಗಿಳಿದು ಬಂದು ನಮಸ್ಕಾರ ಹೇಳಿಲ್ಲ. ಅವಳೂ ಬಾಗಿಲು ನೋಡುತ್ತ ಕೂತವಳಲ್ಲ.

ಮೈಕಕ್ಕ ಅನ್ನುವ ಹೆಸರು ಬಂದದ್ದು ಮುಷ್ಕರದಲ್ಲಿ. ನಲವತ್ತೆರಡು ದಿನ ಆಸ್ಪತ್ರೆಯ ಗೇಟಿನಲ್ಲಿ ಕೂತಿದ್ದೆವು. ಮೊದಲನೇ ದಿನವೇ ಪೊಲೀಸರು ಮೈಕು ಕಿತ್ತುಕೊಂಡು ಹೋದರು. ನಮ್ಮ ಗಂಡಸು ಮುಖಂಡರೆಲ್ಲ ಅರ್ಜಿ ಬರೆಯಲು ಪೆನ್ನು ಹುಡುಕುತ್ತಿದ್ದಾಗ ಇವಳು ನೀರಿನ ಡ್ರಮ್ಮಿನ ಮೇಲೆ ಹತ್ತಿ ನಿಂತಳು. ಇವಳು "ಬೇಕೇ ಬೇಕು" ಅಂದರೆ ನಾನೂರು ಜನ "ನ್ಯಾಯ ಬೇಕು" ಅನ್ನುತ್ತಿದ್ದರು. ಘೋಷಣೆ ಕೂಗುವವರಿಗೆ ಗಂಟಲಿದ್ದರೆ ಸಾಲದು, ಬಾಯಿ ಮುಚ್ಚುವ ಹೊತ್ತು ಗೊತ್ತಿರಬೇಕು. ಜನಕ್ಕೆ ಜಾಗ ಬಿಡದೆ ಒಬ್ಬನೇ ಅರಚುವವನ ಘೋಷಣೆ ರಸ್ತೆಯ ತಿರುವು ದಾಟುವುದಿಲ್ಲ. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ, ಅರ್ಧ ಜನ ಈಗ ಕುರ್ಚಿಯಲ್ಲಿದ್ದಾರೆ. ಮೈಕಕ್ಕನಿಗೆ ಆ ಹೊತ್ತು ಯಾರೂ ಕಲಿಸಿದ್ದಲ್ಲ, ರಕ್ತದಲ್ಲೇ ಇತ್ತು.

ಇಂಥವಳು ಐವತ್ತೆಂಟನೇ ವಯಸ್ಸಿನಲ್ಲಿ ಹಿಪ್‌ಹಾಪ್ ಹಾಡಿದ್ದಕ್ಕೆ ಕಾರಣ ನಾಲ್ಕನೇ ನಂಬರಿನ ಮೆಷಿನ್ನು. ಅದರ ಬೇರಿಂಗ್ ಸವೆದು ವರ್ಷಗಳಾಗಿದ್ದವು. ನೀರು ಹಿಂಡುವಾಗ ದಡ್, ದಡಕ್, ದಡ್ ಎಂದು ಒಂದೇ ಲೆಕ್ಕದಲ್ಲಿ ಬಡಿಯುತ್ತಿತ್ತು. ಆ ಬಡಿತಕ್ಕೆ ಮಾತು ಜೋಡಿಸಿ ಸೂಪರ್‌ವೈಸರನ್ನು ಗೇಲಿ ಮಾಡುವುದು ಮೈಕಕ್ಕನ ಹಳೆಯ ಚಟ. ಆಂಬುಲೆನ್ಸ್ ಓಡಿಸುವ ಅವಳ ಅಳಿಯ ಒಮ್ಮೆ ಬುತ್ತಿ ಕೊಡಲು ಬಂದವನು ನಿಂತು ಕೇಳಿದ. ಅವನಿಗೆ ಫೋನಿನಲ್ಲಿ ತಾಳ ಕೂಡಿಸುವ ಹುಚ್ಚು.

"ಅತ್ತೆ, ಇದು ಹಿಪ್‌ಹಾಪು. ನಿಮಗೇ ಗೊತ್ತಿಲ್ಲದೆ ಇಪ್ಪತ್ತು ವರ್ಷದಿಂದ ಮಾಡ್ತಾ ಇದೀರಾ."

"ಸುಮ್ನಿರಿ ಅಳಿಯಂದ್ರೇ, ಅದು ಬೈಗುಳ."

"ಎರಡೂ ಒಂದೇ ಅತ್ತೆ. ಕ್ರಿಸ್‌ಮಸ್ ಬರ್ತಾ ಇದೆ, ಅದರ ಮೇಲೆ ಕಟ್ಟಿ."

ಗುಜರಿಗೆ ಹೋಗಲು ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಆಂಬುಲೆನ್ಸಿನೊಳಗೆ ರೆಕಾರ್ಡಿಂಗ್ ನಡೆಯಿತು. ಬಾಗಿಲು ಹಾಕಿದರೆ ಹೊರಗಿನ ಸದ್ದು ಬರುತ್ತಿರಲಿಲ್ಲ. ಅತ್ತೆ ಸ್ಟ್ರೆಚರ್ ಮೇಲೆ ಕೂತು ಹಾಡಿದಳು, ಅಳಿಯ ಫೋನಿಗೆ ತುಂಬಿಕೊಂಡಿದ್ದ ನಾಲ್ಕನೇ ಮೆಷಿನ್ನಿನ ಬಡಿತ ಹಾಕಿ ಡ್ರೈವರ್ ಸೀಟಿನಿಂದ ಕೈ ಆಡಿಸಿದ. ಎಂಟು ಹಾಡು. ಎಲ್ಲವೂ ಆ ಒಂದು ಹೆರಿಗೆಯ ಸುತ್ತ. ದೇವದೂತರಿಗೆ ಹೆಚ್ಚು ಜಾಗ ಸಿಕ್ಕಲಿಲ್ಲ. ಕುರಿ ಕಾಯುವವರ ರಾತ್ರಿಪಾಳಿ ಇತ್ತು, ಬಡಗಿಯ ಕೂಲಿ ಇತ್ತು. ಮೂರನೆಯ ಹಾಡು ಅವಳ ಸ್ವಂತ ಕಸುಬಿನದು:

ಚಿನ್ನ ತಂದ್ರು, ಧೂಪ ತಂದ್ರು, ಸೋಪು ತಂದೋರ್ ಯಾರು?
ಕೊಟ್ಟಿಗೇಲಿ ಹೆತ್ತ ಬಟ್ಟೆ ಒಗೆದು ಕೊಟ್ಟೋರ್ ಯಾರು?

ಪ್ರತಿ ಸಾಲಾದ ಮೇಲೂ ಅವಳು ನಿಲ್ಲಿಸುತ್ತಿದ್ದಳು. ಅವಳು ನಿಂತರೆ ಅಳಿಯನೂ ತಾಳ ನಿಲ್ಲಿಸುತ್ತಿದ್ದ. "ಮುಂದಿನ ಸಾಲು ಮರೆತ್ರಾ ಅತ್ತೆ?" ಎಂದು ಕೇಳಿದರೆ, "ಇಲ್ಲಪ್ಪ, ಹಾಗೇ ಬಂತು," ಅಂದಳು. ಯಾಕೆ ಹಾಗೆ ಬಂತು ಎಂದು ಇಬ್ಬರೂ ಯೋಚಿಸಲಿಲ್ಲ.

ಹಾಡುಗಳು ಫೋನಿನಿಂದ ಫೋನಿಗೆ ಹೋದವು. ಅಭಿಪ್ರಾಯ ಕೊಡದೆ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಸಿಕ್ಕಸಿಕ್ಕವರನ್ನು ಅಡ್ಡಗಟ್ಟಿ ಕೇಳುತ್ತಿದ್ದಳು. "ಚೆನ್ನಾಗಿದೆ ಅಕ್ಕ" ಎಂದರೆ ಇನ್ನೂ ಕಷ್ಟ. "ಏನು ಚೆನ್ನಾಗಿದೆ? ಎರಡನೇ ಹಾಡಲ್ಲಿ ಏನಿದೆ ಹೇಳು ನೋಡಣ," ಎಂದು ಸ್ಥಳದಲ್ಲೇ ಪರೀಕ್ಷೆ. ಹೆರಿಗೆ ವಾರ್ಡಿನ ನರ್ಸು ಫೇಲಾಗಿ ಮರುದಿನದಿಂದ ಲಿಫ್ಟಿನಲ್ಲಿ ಬರುವುದನ್ನೇ ಬಿಟ್ಟಳು.

ಗೇಟಿನ ವಾಚ್‌ಮನ್‌ ಅಂದ: "ಒಂದಾದ್ರೂ ಕೆಟ್ಟ ಮಾತಿಲ್ಲ, ಇದೆಂಥ ಹಿಪ್‌ಹಾಪು?"

ಕ್ಯಾಂಟೀನಿನ ಅಡುಗೆಯವಳು ಅಂದಳು: "ಕ್ರಿಸ್‌ಮಸ್ ಹಾಡು ಅಂದ್ರೆ ಕೇಳ್ತಾ ಕೇಳ್ತಾ ಕಣ್ಣು ಮುಚ್ಚಬೇಕು. ನಿನ್ನದು ಕೇಳಿದ್ರೆ ಯಾರಿಗಾದ್ರೂ ನಾಲ್ಕು ಬಾರಿಸಬೇಕು ಅನಿಸುತ್ತೆ." ಇದೊಂದು ಅಭಿಪ್ರಾಯ ಮೈಕಕ್ಕನಿಗೆ ಬಹಳ ಹಿಡಿಸಿತು.

ಪಾದ್ರಿಗಳು "ಒಳ್ಳೆಯ ಪ್ರಯತ್ನ" ಅಂದರು. ಸರ್ಕಾರ ನಮ್ಮ ಬೇಡಿಕೆಗಳಿಗೆ "ಪರಿಶೀಲಿಸಲಾಗುವುದು" ಅನ್ನುತ್ತಿದ್ದ ದನಿ ಅದೇ.

ಎಲ್ಲರ ಮಾತಿನ ಕೊನೆಗೂ ಒಂದೇ ಬಾಲ. ತೂತು. ಸಾಲಿಗೊಂದು ತೂತು.

"ಕತ್ತರಿಸಿಬಿಡ್ತೀನಿ ಅತ್ತೆ," ಅಂದ ಅಳಿಯ. "ಐದು ನಿಮಿಷದ ಕೆಲಸ."

"ಇರಿ. ನಮ್ಮಕ್ಕ ಇನ್ನೂ ಹೇಳಿಲ್ಲ. ಅವಳೂ ತೂತು ಅಂದ್ರೆ ಕತ್ತರಿಸೋದೂ ಬೇಡ, ಎಂಟೂ ಅಳಿಸಿಬಿಡಿ."

ಅಕ್ಕ ಅಂದರೆ ಟೀಚರಮ್ಮ. ಮೈಕಕ್ಕನಿಗಿಂತ ಆರು ವರ್ಷ ದೊಡ್ಡವಳು, ಚರ್ಚಿನ ಗಾಯನ ತಂಡ ನಲವತ್ತು ವರ್ಷದಿಂದ ಅವಳದ್ದೇ. ಗಂಜಿ ಹಾಕಿದ ಸೀರೆಯಂತೆ ನೆಟ್ಟಗಿನ ಹೆಂಗಸು, ನಗುವುದಕ್ಕೂ ತಾಳ ನೋಡುವವಳು. ಮೈಕಕ್ಕ ಹದಿನೆಂಟರಲ್ಲಿ ತಂಡ ಸೇರಲು ಹೋದಾಗ ಒಂದೇ ಸಾಲು ಕೇಳಿ, ಎಲ್ಲರ ಮುಂದೆ, "ನಿಂದು ಗಂಟಲಲ್ಲ ಕಣೇ, ತಗಡು," ಎಂದು ಮನೆಗೆ ಕಳಿಸಿದ್ದಳು. ಆಮೇಲೆ ಅಕ್ಕತಂಗಿಯರು ಮದುವೆ, ಬಾಣಂತನ, ಸಾವು ಎಲ್ಲಕ್ಕೂ ಒಬ್ಬರಿಗೊಬ್ಬರು ಆದರು. ಹಾಡಿನ ಮಾತು ಮಾತ್ರ ನಲವತ್ತು ವರ್ಷ ಇಬ್ಬರೂ ಎತ್ತಲಿಲ್ಲ. ಈಗ ಇವಳು ಎಂಟು ಹಾಡು ಕಳಿಸಿದ್ದಾಳೆ. ಕೇಳಿದ ಗುರುತು ಫೋನಿನಲ್ಲಿ ಬಂದಿದೆ. ಉತ್ತರ "ಆಮೇಲೆ ಹೇಳ್ತೀನಿ" ಎಂಬ ಒಂದೇ ಸಾಲು. ಆಮೇಲೆ ಒಂಬತ್ತು ದಿನವಾಯಿತು.

ಪೊಲೀಸರ ಲಾಠಿಗೆ ಹೆದರದವಳು ಆ ಒಂಬತ್ತು ದಿನ ಫೋನು ಗುಂಯ್ ಅಂದರೆ ಬೆಚ್ಚುತ್ತಿದ್ದಳು. ಇಸ್ತ್ರಿಯವನು ರೇಗಿಸುವುದನ್ನೂ ನಿಲ್ಲಿಸಿದ.

ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಸಂಘದ ಕರಪತ್ರ ಕೊಡಲು ನೆಲಮಾಳಿಗೆಗೆ ಹೋಗಿದ್ದೆ. ಮಡಚುವ ಹಲಗೆಯ ಸುತ್ತ ಹದಿನೈದಿಪ್ಪತ್ತು ಹೆಂಗಸರಿದ್ದರು. ಟೀಚರಮ್ಮ ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಒಂದು ಹಾಳೆ, ಕಿವಿಯ ಹಿಂದೆ ಪೆನ್ಸಿಲು. ಮೂವತ್ತೊಂದು ವರ್ಷದಲ್ಲಿ ತಂಗಿ ಕೆಲಸ ಮಾಡುವ ಜಾಗಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಹಾಡು ಹಾಕು," ಅಂದಳು. "ಮೂರನೇದು. ಜೋರಾಗಿ."

"ಇಲ್ಲೇನಕ್ಕ? ಎಲ್ಲರ ಮುಂದೆ?"

"ಎಲ್ಲರ ಮುಂದೆನೇ."

ಮೈಕಕ್ಕನ ಮುಖ ಒಗೆದ ಬಟ್ಟೆಯ ಬಣ್ಣಕ್ಕೆ ತಿರುಗಿತು. ನಲವತ್ತು ವರ್ಷದ ಹಿಂದೆಯೂ ಎಲ್ಲರ ಮುಂದೆಯೇ ಆಗಿತ್ತಲ್ಲ. ಆದರೂ ಫೋನನ್ನು ಸ್ಪೀಕರಿಗೆ ಸಿಕ್ಕಿಸಿದಳು. ನಾಲ್ಕನೇ ಮೆಷಿನ್ನಿನ ಬಡಿತ ಸ್ಪೀಕರಿನಲ್ಲೂ, ಅತ್ತ ನಾಲ್ಕನೇ ಮೆಷಿನ್ನಿನಲ್ಲೂ ಶುರುವಾಯಿತು.

"ಚಿನ್ನ ತಂದ್ರು, ಧೂಪ ತಂದ್ರು, ಸೋಪು ತಂದೋರ್ ಯಾರು?"

ತೂತು ಬಂತು. ಬಂದ ಕ್ಷಣಕ್ಕೆ ಹಲಗೆಯ ಸುತ್ತಲಿದ್ದ ಹೆಂಗಸರು, ಮಡಚುವ ಕೈ ನಿಲ್ಲಿಸದೆ, ಒಂದೇ ಕೊರಳಲ್ಲಿ ಕೂಗಿದರು: "ಯಾರೂ ಇಲ್ಲ!"

"ಕೊಟ್ಟಿಗೇಲಿ ಹೆತ್ತ ಬಟ್ಟೆ ಒಗೆದು ಕೊಟ್ಟೋರ್ ಯಾರು?"

"ನಾವು! ನಾವು!"

ಕೂಗಿದ ಮೇಲೆ ಅವರೇ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಹೇಳಿಕೊಟ್ಟದ್ದಲ್ಲ. ಮುಷ್ಕರದ ಗೇಟಿನಲ್ಲಿ ನಲವತ್ತೆರಡು ದಿನ ಇವಳ ಬಾಯಿ ಮುಚ್ಚಿದಾಗ ತಮ್ಮ ಬಾಯಿ ತೆರೆದವರು ಅವರು. ಈವರೆಗೆ ಆ ಹಾಡನ್ನು ಒಬ್ಬೊಬ್ಬರೇ ಕೇಳಿದ್ದರು, ಬಸ್ಸಿನಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು. ಒಂಟಿಯಾಗಿ ಕೇಳಿದವರಿಗೆ ಅದು ತೂತಾಗಿತ್ತು. ಇಪ್ಪತ್ತು ಜನ ಸೇರಿದಾಗ ಅದು ಅವರ ಪಾಲಿನ ಸಾಲು. ಇಸ್ತ್ರಿಯವನು ಬಾಯಿಬಿಟ್ಟುಕೊಂಡು ನಿಂತಿದ್ದ. "ಕರೆಂಟ್ ಬಂತೇನೋ?" ಎಂದು ಯಾರೋ ಕೇಳಿದರು.

ಹಾಡು ಮುಗಿಯಿತು. ಟೀಚರಮ್ಮ ಹಾಳೆ ಬಿಡಿಸಿದಳು. ಉದ್ದಕ್ಕೂ ಪೆನ್ಸಿಲಿನ ಗೀಟುಗಳು.

"ಪ್ರತಿ ಸಲ ನಿಲ್ಲಿಸಿದಾಗಲೂ ಎಣಿಸಿದೀನಿ. ಎಂಟು ಹಾಡು, ನೂರ ಹನ್ನೆರಡು ಸಲ. ಎಲ್ಲಾ ಕಡೆ ನಾಲ್ಕು ಎಣಿಕೆ, ಒಂದು ಕೂದಲೆಳೆ ಹೆಚ್ಚುಕಡಿಮೆ ಇಲ್ಲ. ನನ್ನ ತಂಡದಲ್ಲಿ ಯಾವಳೂ ಹೀಗೆ ನಿಲ್ಲಲ್ಲ. ಒಂಬತ್ತು ದಿನ ಬೇಕಾಯ್ತು ಲೆಕ್ಕ ಹಾಕೋಕೆ." ಹಾಳೆ ಮಡಚಿದಳು. "ಐದನೇ ಹಾಡಲ್ಲಿ ಮಾತ್ರ ಶ್ರುತಿ ಹಳ್ಳಕ್ಕೆ ಬಿದ್ದಿದೆ."

"ಅಂದ್ರೆ ಚೆನ್ನಾಗಿದೆಯೋ, ಇಲ್ಲವೋ?"

"ಚೆನ್ನಾಗಿದೆ ಅಂದ್ರೆ ಪರೀಕ್ಷೆ ಮಾಡ್ತೀಯಂತೆ. ಕೇಳು. ಎರಡನೇ ಹಾಡಲ್ಲಿ ಛತ್ರದ ಯಜಮಾನ ಜಾಗ ಇಲ್ಲ ಅಂತ ಮುಖದ ಮೇಲೆ ಬಾಗಿಲು ಹಾಕ್ತಾನೆ. ಪಾತ್ರೆ ತೊಳೆಯೋಳು ಹಿತ್ತಲ ಬಾಗಿಲು ತೆಗೀತಾಳೆ. ಯಜಮಾನ ಯಾರು ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ ನಾನು."

"ಅಯ್ಯೋ, ನಿನ್ನ ಬಗ್ಗೆ ಅಲ್ಲ ಕಣಕ್ಕ ಅದು."

"ಸುಳ್ಳು ಹೇಳಬೇಡ. ಕ್ರಿಸ್‌ಮಸ್ಸು."

ನಾಲ್ಕನೇ ಮೆಷಿನ್ನು ನಿಂತಿತು. ಬೆಡ್‌ಶೀಟುಗಳ ರಾಶಿ ಹಾಗೇ ಇತ್ತು, ಮೇಲಿನ ವಾರ್ಡಿನವರು ಹನ್ನೆರಡಕ್ಕೆ ಇಳಿದು ಬಂದು ಕೇಳುತ್ತಾರೆ. ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಮೈಕಕ್ಕ ಒಂದನ್ನು ಒದರಿ ಒಂದು ತುದಿ ಹಿಡಿದಳು. ಟೀಚರಮ್ಮ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು, ತಪ್ಪು ಮೂಲೆಯನ್ನು.

"ಅಂಚಿಗೆ ಅಂಚು ಕೂಡಿಸಕ್ಕ," ಅಂದಳು ಮೈಕಕ್ಕ, ಮೂಗು ಸೇದಿಕೊಂಡು. "ಏನು ಕೈಯೋ ನಿಂದು, ಶುದ್ಧ ತಗಡು."