ಬಸಿಯಲ್ಲಿದ್ದ ರಾಕ್ಷಸ

ಎಪ್ಪತ್ತರ ದಶಕದಲ್ಲಿ ನಾವು ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿದ್ದೆವು. ಅಪ್ಪ ನೀರಾವರಿ ಇಲಾಖೆಯ ಸಾಹೇಬರು. ಅದೇ ನನಗೆ ಮುಳುವಾಯಿತು. ‘ಸಾಹೇಬ್ರ ಮನ್ಯಾಗ ಏನರೆ ಒಡದೀರಿ’ ಎಂದು ಹೆದರಿಸಿ ತಾಯಂದಿರು ಮಕ್ಕಳನ್ನು ನಮ್ಮ ಕಡೆಗೇ ಬಿಡುತ್ತಿರಲಿಲ್ಲ. ಅಕ್ಕತಂಗಿ, ಅಣ್ಣತಮ್ಮ ಯಾರೂ ಇಲ್ಲದ ನಾನು ಬೇಸಿಗೆ ರಜೆಯಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದೆ. ನಗಬೇಡಿ, ನಿಜವಾಗಿ ಗೋಡೆಯ ಜೊತೆಗೇ.

ಹೆದರದೆ ಬಂದವಳು ಒಬ್ಬಳೇ, ಡ್ಯಾಮಿನ ಗೇಟು ಎತ್ತುವವರ ಮಗಳು. ಭಾರಿ ಗಟ್ಟಿಗಿತ್ತಿ, ಆದರೆ ಬಲು ಬೇಗ ಬೇಸರವಾಗುತ್ತಿತ್ತು. ಅವಳನ್ನು ಹಿಡಿದಿಟ್ಟುಕೊಳ್ಳಲು ನಾನೊಂದು ಆಟ ಕಟ್ಟಿದೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಕ್ಕದೂರು ಹುಲಿಗಿಯ ಗುಡಿಯವರೆಗೆ ದಾರಿ, ದಾರಿಗೆ ಅಡ್ಡ ಒಬ್ಬ ರಾಕ್ಷಸ. ಕಪ್ಪಿನ ಕೆಳಗಿಡುವ ಚಹಾದ ಬಸಿಯಲ್ಲಿಟ್ಟ ಹುಣಸೆ ಬೀಜಗಳೇ ಅವನ ಜೀವ. ಅವಳು ಒಗೆದ ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಬೀಜ ತೆಗೆಯಬೇಕು. ಎಲ್ಲವೂ ಬೋರಲು ಬಿದ್ದರೆ ರಾಕ್ಷಸ ಅವಳನ್ನು ನುಂಗುತ್ತಾನೆ. ಕಥೆ ಹೇಳುವುದು, ಗರ್ಜಿಸುವುದು ನನ್ನ ಕೆಲಸ.

ಮೊದಲ ದಿನ ಬಸಿಯಲ್ಲಿ ಕೆಲವೇ ಬೀಜ; ರಾಕ್ಷಸ ನಾನು ಕೋರೆಹಲ್ಲು ಬಣ್ಣಿಸಿ ಮುಗಿಸುವ ಮೊದಲೇ ಸತ್ತ. ‘ಇಷ್ಟಽ ಏನು? ಹೋಗ್ತೀನಿ’ ಎಂದು ಲಂಗ ಝಾಡಿಸಿ ಎದ್ದಳು. ‘ಹೋಗ್ತೀನಿ ಅನಬಾರದವಾ, ಬರ್ತೀನಿ ಅನಬೇಕು’ ಎಂದು ಅವ್ವ ಒಳಗಿಂದ ಬೈದಳು. ಮರುದಿನ ಸಿಟ್ಟಿನಲ್ಲಿ ಬಸಿ ತುಂಬ ಬೀಜ ಸುರಿದೆ. ರಾಕ್ಷಸ ಅವಳನ್ನು ನುಂಗಿದ, ಮತ್ತೆ ನುಂಗಿದ. ‘ಇಂಥಾ ಸುಡಗಾಡ ಆಟ ನೀನಽ ಆಡ್ಕೊ, ಹೋಗ್ತೀನಿ!’ ಎಂದವಳು ಬಹಳ ದಿನ ಬರಲಿಲ್ಲ.

ಆಗ ಎಡಗೈ ರಾಕ್ಷಸ, ಬಲಗೈ ಅವಳು ಎಂದು ನಾನೊಬ್ಬಳೇ ಆಡಿದೆ. ಅಯ್ಯೋ, ಎಷ್ಟು ಆಡಿದೆ! ಕೊನೆಗೆ ಹದ ಸಿಕ್ಕಿತು. ಬೀಜ ಅರ್ಧ ಬಸಿ. ನುಂಗಿಸಿಕೊಂಡ ಮೇಲೂ ಹೊಟ್ಟೆಯೊಳಗಿಂದ ಒಂದು ಸಲ ಕವಡೆ ಒಗೆಯಬಹುದು; ಒಂದಾದರೂ ಬಾಯಿ ಮೇಲಾದರೆ ಹೊರಗೆ ಬಂದಂತೆ. ಅವಳು ಒಂದು ದಿನ ಬಾಗಿಲಲ್ಲಿ ನಿಂತು, ‘ಆ ಮೂಳ ಇನ್ನಾ ಅದಾನೇನು?’ ಎಂದಳು. ಸಂಜೆಯವರೆಗೆ ಆಡಿದೆವು. ಅವನು ಸಾಯಲಿಲ್ಲ. ‘ತಡಿ ಮಗನಽ, ನಾಳೆ ಐತಿ ನಿಂಗ’ ಎಂದು ಬಸಿಗೆ ಬೈದು, ನನ್ನ ಕಡೆ ತಿರುಗಿ ‘ಬರ್ತೀನಿ’ ಎಂದಳು.

ಅಂದಿನಿಂದ ರಾಕ್ಷಸನ ಹದ ಅಳೆಯಲು ನನಗಿದ್ದದ್ದು ಆ ‘ಬರ್ತೀನಿ’ ಎಂಬ ಒಂದೇ ಮಾತು. ಅವನು ಸತ್ತರೆ ಅವಳು ಹೋಗುತ್ತಾಳೆ. ಬಸಿ ಬರಿದಾಗುತ್ತ ಬಂದಾಗಲೆಲ್ಲ ನನ್ನ ಉಡಿಯಿಂದ ಒಂದೆರಡು ಬೀಜ ಮೆಲ್ಲಗೆ ಜಾರಿಸುತ್ತಿದ್ದೆ. ಮೋಸ ಎನ್ನುವವರು ಎನ್ನಲಿ, ಅವರಿಗೇನು, ಮನೆ ತುಂಬ ಮಂದಿ.

ಮಳೆಗಾಲಕ್ಕೆ ಮೊದಲು ಅವಳಪ್ಪನಿಗೆ ಗಂಗಾವತಿ ಕಡೆ ವರ್ಗವಾಯಿತು. ಕೊನೆಯ ದಿನ ಬಸಿಯಲ್ಲಿ ಒಂದೇ ಬೀಜ ಉಳಿಯಿತು. ಇವತ್ತಾದರೂ ಗೆಲ್ಲಲಿ ಎಂದು ನಾನು ಉಡಿಗೆ ಕೈ ಹಾಕಲಿಲ್ಲ. ಅವಳು ಕವಡೆ ಕುಲುಕಿ, ಒಗೆಯದೆ ಕೆಳಗಿಟ್ಟಳು.

‘ಒಗಿಯಲೇ, ಸಾಯ್ತಾನ’ ಎಂದೆ.

‘ಬ್ಯಾಡ. ನೀ ಬೀಜ ಸೇರಸೂದು ನಂಗ ಮದಲಽ ಗೊತ್ತಿತ್ತು. ಇವನ್ನ ಕೊಂದ ಹೋದ್ರ ನಾಳಿ ನಿನ್ನ ಕೂಡ ಯಾರ ಇರ್ತಾರ?’

ನನ್ನ ಉಡಿಯಲ್ಲಿದ್ದ ಬೀಜಗಳನ್ನೆಲ್ಲ ಬಾಚಿ ತಾನೇ ಬಸಿಗೆ ಸುರಿದಳು. ‘ಬರ್ತೀನಿ’ ಎಂದಳು.

ಬರಲಿಲ್ಲ. ಸಾಲೆ ಶುರುವಾಗುವವರೆಗೂ ಆ ಬಸಿಯಲ್ಲಿ ಚಹಾ ಕುಡಿಯಲು ನಾನು ಯಾರಿಗೂ ಬಿಡಲಿಲ್ಲ.