ಬಿಂದುಶ್ರೀ ಬರೆಯುವ ಚಕ್ಕುಬಂದಿ

ಧಡ್, ಧಡ್, ಧಡ್. ಹೆಗ್ಗನಹಳ್ಳಿಯ ಒಂದು ಕ್ರಾಸಿನಲ್ಲಿ ಬೆಳಿಗ್ಗೆ ಎಂಟಕ್ಕೆ ಪವರ್ ಪ್ರೆಸ್ ಶುರುವಾಗುತ್ತದೆ. ತಗಡಿನಿಂದ ವಾಷರ್ ಕತ್ತರಿಸುವ ಆ ಯಂತ್ರಕ್ಕೂ ಬಿಂದುಶ್ರೀಯ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಪ್ರತಿ ಏಟಿಗೂ ಸಾಸಿವೆ ಡಬ್ಬಿ ಒಂದು ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಅವಳು ಪಲ್ಯ ಕೆದಕುತ್ತಲೇ ಎಡಗೈಯಿಂದ ಅದನ್ನು ಹಿಂದಕ್ಕೆ ತಳ್ಳುತ್ತಾಳೆ. ಒತ್ತಿಕೊಂಡಿರುವ ಜಾಗಕ್ಕೆ ಹೇಳುವ ಅಡ್ಜಾಯ್ನಿಂಗ್ ಎಂಬ ಇಂಗ್ಲಿಷ್ ಪದಕ್ಕೆ ಅರ್ಥ ಕೇಳಿದರೆ ಅವಳು ಆ ಡಬ್ಬಿಯನ್ನೇ ತೋರಿಸಿಯಾಳು.

ಸುಂಕದಕಟ್ಟೆಯಲ್ಲಿ ಶ್ಯಾಮಸುಂದರ ಎಂಬವರ ಪತ್ರ ಬರೆಯುವ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಅವಳು ಕ್ರಯಪತ್ರ ಸಿದ್ಧಪಡಿಸುತ್ತಿದ್ದಾಳೆ. ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಬರುತ್ತದೆ: ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರ ಸ್ವತ್ತು, ಹೀಗೆ ನಾಲ್ಕು ದಿಕ್ಕಿನ ಗಡಿ. ಕೆಲವರು ಅದನ್ನು ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಮೊದಲ ವರ್ಷ ಆ ಪದಗಳೆಲ್ಲ ಅವಳಿಗೆ ಒಂದೇ ಥರ ಕಂಡಿದ್ದವು. ಈಗ ಒಂದೊಂದಕ್ಕೂ ಅವಳ ಮನಸ್ಸಿನಲ್ಲಿ ಒಂದೊಂದು ಜಾಗವಿದೆ. ನಿಯರ್ ಎಂದರೆ ಕೂಗಿದರೆ ಕೇಳಿಸುವಷ್ಟು ದೂರ. ಅಡ್ಜಸೆಂಟ್ ಎಂದರೆ ಪಕ್ಕದಲ್ಲೇ ಇದ್ದೂ ತಾಗದೆ ಉಳಿಯಬಹುದಾದದ್ದು, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರ ಹಾಗೆ. ಅಬಟಿಂಗ್ ಎಂದರೆ ನಮ್ಮ ಅಂಚು ಮುಗಿದಲ್ಲೇ ಅದರ ಅಂಚು ಶುರು. ನಡುವೆ ಇರುವೆ ನಿಲ್ಲಲೂ ಜಾಗವಿಲ್ಲ.

ಈ ಜಾಗ್ರತೆ ಅವಳಿಗೆ ಬಂದದ್ದು ಹೇರೋಹಳ್ಳಿಯ ಒಂದು ಹುಣಸೆಮರದಿಂದ. ಅಪ್ಪ ಮರಿಯಪ್ಪ ಹೊಲದ ಒಂದು ಭಾಗ ಮಾರಿದಾಗ, ಪೂರ್ವದ ಬದುವಿನಿಂದ ಪಶ್ಚಿಮದ ಹುಣಸೆಮರದವರೆಗೆ ಎಂದಷ್ಟೇ ಬರೆಸಿದ್ದರು, ಅಳತೆ ಹಾಕಿಸಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮರ, ಅಳತೆ ಯಾಕೆ? ಕೊಂಡವರು ಮರುವಾರವೇ ಮರ ಕಡಿಸಿದರು. ಅದರಾಚೆ, ಕೊಟ್ಟಿಗೆಯ ಹಿಂದೆ, ಇನ್ನೊಂದು ಹುಣಸೆಮರ ಇತ್ತು. ಪತ್ರದಲ್ಲಿರುವುದು ಅದೇ ಮರ ಎಂದು ಅವರು ಪಟ್ಟು ಹಿಡಿದರು, ಕೊಟ್ಟಿಗೆ ಹೋಯಿತು. ಆ ಸಂಜೆ ಅಪ್ಪ ಎಮ್ಮೆಗಳನ್ನು ಮನೆಯ ಜಗಲಿಗೆ ಕಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿದೆ.

ಹಾಗಾಗಿ ಜಾಗ ನೋಡದೆ ಅವಳು ಚಕ್ಕುಬಂದಿ ಬರೆಯುವುದಿಲ್ಲ. ಚಪ್ಪಲಿ ಬಿಟ್ಟು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಎಣಿಸುತ್ತ, ಗಡಿಕಲ್ಲಿನಿಂದ ಗಡಿಕಲ್ಲಿಗೆ ನಡೆಯುತ್ತಾಳೆ. ಅವಳ ಪಾದ ಸರಿಯಾಗಿ ಒಂಬತ್ತು ಇಂಚು.

ಒಂದು ಶನಿವಾರ ಅವಳು ಹೋದದ್ದು ಕಸ್ತೂರೆವ್ವ ಕೊಳ್ಳುತ್ತಿದ್ದ ಸೈಟಿಗೆ. ಗದಗದ ಕಡೆಯಿಂದ ಬಂದು ಹದಿನೈದು ವರ್ಷ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿದ ಹೆಂಗಸು ಕಸ್ತೂರೆವ್ವ. ಸ್ವಂತ ಮನೆ, ಅದರ ಮುಂದುಗಡೆ ರಸ್ತೆಗೆ ಮುಖ ಮಾಡಿದ ರೊಟ್ಟಿ ಅಂಗಡಿ, ಅವಳಿಗೆ ಬೇಕಾದದ್ದು ಇಷ್ಟೇ. ಸೋಮವಾರ ನೋಂದಣಿ. ಮಾರುವ ಗಿರಿರಾಜ್ ಕೊಟ್ಟ ಕರಡಿನಲ್ಲಿ ಪಶ್ಚಿಮಕ್ಕೆ 'ನಿಯರ್ ರೋಡ್' ಎಂದಿತ್ತು.

"ಏನ್ ಮೇಡಂ, ಟೈಪ್ ಮಾಡೋರಿಗೆ ಕೈ ಇದ್ರೆ ಸಾಕಲ್ವಾ? ಕಾಲಿಗ್ಯಾಕೆ ಕೆಲಸ?" ಗಿರಿರಾಜ್ ಕಾರಿನೊಳಗಿಂದಲೇ ನಕ್ಕ.

"ಕೂತು ಕೂತು ಊದ್ಕೊಂಡಿದೆ ಸಾರ್, ಅದಕ್ಕೆ," ಎಂದು ಬಿಂದುಶ್ರೀ ಚಪ್ಪಲಿ ಬಿಟ್ಟಳು.

ಕರಾರಿನ ಪ್ರಕಾರ ಸೈಟಿನ ಉದ್ದ ಮೂವತ್ತಡಿ. ಪೂರ್ವದ ಕಲ್ಲಿನಿಂದ ನಲವತ್ತು ಪಾದ ಬರಬೇಕು. ಮೂವತ್ತಾರಕ್ಕೇ ಪಶ್ಚಿಮದ ಕಲ್ಲು ಸಿಕ್ಕಿತು. ಅದರಾಚೆ ಕಳೆ ಬೆಳೆದ ಮೂರಡಿ ಪಟ್ಟಿ, ಆಮೇಲೆ ರಸ್ತೆ.

"ಸಾರ್, ಇದ್ಯಾರ್ದು?"

"ಅದಾ? ಚರಂಡಿಗೆ ಬಿಟ್ಟಿರೋದು."

"ಚರಂಡಿ ರಸ್ತೆ ಆ ಕಡೆ ಇದೆಯಲ್ಲ."

"ಅಯ್ಯೋ, ಮೂರಡಿಗೆ ಇಷ್ಟೊಂದಾ? ವಿಮಾನ ಇಳಿಸ್ತೀರಾ ಅಲ್ಲಿ? ರೋಡ್ ಹತ್ರ ಅಂತ ಬರೆಸಿದೀನಲ್ಲ!"

"ಅಕ್ಕಾರ, ಏನಂತಾರ್ರಿ ಇವ್ರು?" ಕಸ್ತೂರೆವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿರ ಬಂದಳು.

"ಈ ಮೂರಡಿ ಇವರ ಹೆಸರಲ್ಲೇ ಉಳಿಯತ್ತೆ ಕಸ್ತೂರೆವ್ವ. ನಾಳೆ ಇಲ್ಲಿ ಬೇಲಿ ಹಾಕಿದ್ರೆ ನೀವು ಬೀದಿಗೆ ಬರೋಕೂ ಇವರನ್ನೇ ಕೇಳ್ಬೇಕು."

"ಮತ್ತ ರೊಟ್ಟಿ ತಗೊಳ್ಳಾಕ ಬಂದವ್ರು ಜಿಗದು ಬರಬೇಕೇನ್ರಿ?" ಕಸ್ತೂರೆವ್ವ ಕಾರಿನತ್ತ ತಿರುಗಿದಳು. "ಅಣ್ಣಾರ, ಮೊದ್ಲ ಕೆಳಗ ಇಳೀರಿ. ಕಲ್ಲು ರಸ್ತಾಕ್ಕ ಬಂದ್ರ ನನ್ನ ಸಹಿ. ಇಲ್ಲಾಂದ್ರ ಇಲ್ಲ."

ಗಿರಿರಾಜ್ ಇಳಿದ, ಆದರೆ ಶ್ಯಾಮಸುಂದರರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

"ಬಿಂದು, ಪಾರ್ಟಿ ಕೊಟ್ಟಿದ್ದನ್ನ ಟೈಪ್ ಮಾಡಮ್ಮ. ಸುಮ್ನೆ ಯಾಕೆ?"

"ಮಾಡ್ತೀನಿ ಸಾರ್. ಪತ್ರ ಬರೆದವರು ಅನ್ನೋ ಕಡೆ ನಿಮ್ ಹೆಸರು ಹಾಕಿ, ನಂದು ಬೇಡ. ಇಲ್ಲ ಅಂದ್ರೆ ಇಪ್ಪತ್ತೇಳಡಿ, ಪಶ್ಚಿಮಕ್ಕೆ ಗಿರಿರಾಜ್ ಅವರ ಉಳಿಕೆ ಜಾಗ ಅಂತ ಇದ್ದದ್ದು ಇದ್ದಂಗೆ ಬರೀತೀನಿ. ಈ ಸಾಲಿನ ಇವರ ಉಳಿದ ಆರು ಸೈಟ್ ತಗೊಳೋರೂ ಓದ್ಕೊಳ್ಲಿ."

ಫೋನಿನಲ್ಲಿ ಮಾಗಡಿ ರೋಡಿನ ಹಾರ್ನ್‌ಗಳ ನಡುವೆ "ನನ್ ಹೆಸರಾ? ಬೇಡ ಬೇಡ," ಎಂಬುದು ಕೇಳಿಸಿತು.

"ಗಿರಿರಾಜ್," ಎಂದರು ಶ್ಯಾಮಸುಂದರ, "ಅವಳು ಹೇಳ್ದಂಗೆ ಮಾಡ್ಬಿಡಪ್ಪ."

ಕಲ್ಲನ್ನು ಆಳಕ್ಕೇನೂ ಹುಗಿದಿರಲಿಲ್ಲ. ಗಿರಿರಾಜ್ ಡಿಕ್ಕಿಯಿಂದ ಜಾಕ್ ರಾಡು ತಂದು ಎರಡು ಸಲ ಮೀಟಿದ್ದಕ್ಕೇ ಎದ್ದು ಬಂತು. ರಸ್ತೆಯ ಅಂಚಿನಲ್ಲಿ ಗುಂಡಿ ತೋಡಿದವಳು ಕಸ್ತೂರೆವ್ವ, ಅವನ ಕೈಯಿಂದ ರಾಡು ಕಿತ್ತುಕೊಂಡು. "ನೀವು ಹುಗದ್ರ ಹಿಂಗ ಸಡಿಲ ಆಗ್ತೈತ್ರಿ ಅಣ್ಣಾರ," ಎಂದಳು. ಅವನು ಬೆವರು ಒರೆಸಿಕೊಂಡ.

ಬಿಂದುಶ್ರೀ ಮತ್ತೆ ನಡೆದಳು. ನಲವತ್ತು. ಕರಡನ್ನು ಕಾರಿನ ಬಾನೆಟ್ಟಿನ ಮೇಲೆ ಹಾಸಿ, ನಿಯರ್ ಹೊಡೆದುಹಾಕಿ, ಅಬಟಿಂಗ್ ಎಂದು ದಪ್ಪಕ್ಷರದಲ್ಲಿ ಬರೆದಳು.

"ಏನ್ ಬರದ್ರಿ ಅಕ್ಕಾರ?"

"ಒಂದು ಪಾದ ಕಲ್ಲಿನ ಒಳಗೆ ಇಡಿ. ಅದಕ್ಕೆ ತಾಗಿಸಿ ಇನ್ನೊಂದನ್ನ ರಸ್ತೆ ಮೇಲಿಡಿ. ನಡುವೆ ಏನಾದ್ರೂ ಇದ್ಯಾ?"

ಕಸ್ತೂರೆವ್ವ ಇಟ್ಟು ನೋಡಿದಳು. ಬಗ್ಗಿಯೂ ನೋಡಿದಳು. "ಏನಿಲ್ರಿ."

"ಅದನ್ನೇ ಬರೆದೆ."

"ಮುಗೀತಲ್ಲ ಮೇಡಂ? ಹೊರಡೋಣ್ವಾ?" ಗಿರಿರಾಜ್ ಕಾರಿನ ಬಾಗಿಲಿಗೆ ಕೈ ಹಾಕಿದ.

"ಪಶ್ಚಿಮ ಮುಗೀತು ಸಾರ್," ಎಂದಳು ಬಿಂದುಶ್ರೀ. ಚಪ್ಪಲಿ ಇನ್ನೂ ಅಲ್ಲೇ ಬಿದ್ದಿತ್ತು. "ಉತ್ತರಕ್ಕೆ ಪಕ್ಕದವರ ಕಾಂಪೌಂಡ್ ಗೋಡೆ ಇವರ ಕಲ್ಲಿನ ಆ ಕಡೆ ಇದ್ಯೋ, ಇಲ್ಲ ಒಳಗೇ ಬಂದಿದ್ಯೋ ಅಂತ ಒಂದ್ಸಲ ನೋಡ್ಬಿಡ್ತೀನಿ," ಎನ್ನುತ್ತಲೇ, ಹಿಮ್ಮಡಿಗೆ ಬೆರಳು ತಾಗಿಸಿ, ಒಂದು, ಎರಡು, ಮೂರು ಎಂದು ಎಣಿಸುತ್ತ ಹೊರಟಳು.