ಆಂಟಿಯ ಡಬ್ಬಿಯಲ್ಲಿದ್ದ ಕೊಳವೆ

ಕಾರಿನಲ್ಲಿ ಏನಾದರೂ ಬೀಪ್ ಎಂದರೆ ಈಗಲೂ ನನ್ನ ಉಸಿರು ನಿಲ್ಲುತ್ತದೆ. ಅದು ಸೀಟ್ ಬೆಲ್ಟಿನದಿರಲಿ, ಸರಿಯಾಗಿ ಮುಚ್ಚದ ಬಾಗಿಲಿನದಿರಲಿ, ಕೈ ಮಾತ್ರ ಮಗಳ ಮೊಣಕಾಲನ್ನು ಹುಡುಕಿಕೊಂಡು ಹೋಗುತ್ತದೆ.

ಅವತ್ತು ನಮ್ಮೂರಿನಿಂದ ಮೂರು ಗಂಟೆ ದಾರಿಯ ಫ್ಲವರ್ ಮೌಂಡಿನಲ್ಲಿ ಪರಿಚಿತರ ಗೃಹಪ್ರವೇಶ. ನಮ್ಮ ಯಜಮಾನರು ಆಫೀಸಿನ ಕೆಲಸಕ್ಕೆಂದು ಕಾರು ತೆಗೆದುಕೊಂಡು ಹ್ಯೂಸ್ಟನ್‌ಗೆ ಹೋಗಿದ್ದರು. ಜಾರ್ಜ್‌ಟೌನಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ ಅಂಕಲ್ ಮತ್ತು ಆಂಟಿ "ನಮ್ಮ ಕಾರಿನ್ಯಾಗs ಬರ್ರಿ" ಎಂದು ನನ್ನನ್ನೂ ಮಗಳನ್ನೂ ಕರೆದುಕೊಂಡು ಹೊರಟರು. ಇಬ್ಬರೂ ಧಾರವಾಡದ ಕಡೆಯವರು. ಅಂಕಲ್ ನಿವೃತ್ತ ಸರ್ಜನ್. ಹಿಂದೊಮ್ಮೆ ಆಸ್ಟಿನ್ನಿನಲ್ಲಿ ಪಾರ್ಟಿ ಮುಗಿಸಿ ಕುಡಿದು ಕಾರು ಓಡಿಸಿಕೊಂಡು ಬರುವಾಗ ಪೊಲೀಸರ ಕೈಗೆ ಸಿಕ್ಕಿದ್ದರು. ಶಿಕ್ಷೆಯ ಜೊತೆಗೆ ಕೋರ್ಟು ಅವರ ಕಾರಿಗೆ ಒಂದು ಯಂತ್ರ ಹಾಕಿಸಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಸುರುಳಿ ವೈರು, ತುದಿಯಲ್ಲಿ ಪ್ಲಾಸ್ಟಿಕ್ ಕೊಳವೆ. ಅದಕ್ಕೆ ಊದಬೇಕು, ಉಸಿರಿನಲ್ಲಿ ಮದ್ಯ ಇಲ್ಲದಿದ್ದರೆ ಮಾತ್ರ ಕಾರು ಸ್ಟಾರ್ಟ್ ಆಗುತ್ತದೆ. ಓಡುವಾಗಲೂ ಆಗಾಗ ಬೀಪ್ ಎಂದು ಮತ್ತೆ ಊದಲು ಕೇಳುತ್ತದೆ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅಂಕಲ್ ತಾವೇ ನಕ್ಕು "ಇದು ನನ್ನ ಪುಂಗಿ" ಎನ್ನುತ್ತಿದ್ದರು. ಹೋಗುವಾಗ ಪುಂಗಿ ಊದಿದವರು ಅವರೇ.

ಊಟದ ಹೊತ್ತಿಗೆ ಕೆಲವು ಗಂಡಸರು ಗರಾಜಿಗೆ ಸರಿದರು, ಅಂಕಲ್ ಕೂಡ. ನಾನು ಆಂಟಿಯ ಪಕ್ಕ ಕೂತಿದ್ದೆ. ಎಂಜಲಿನ ವಿಷಯದಲ್ಲಿ ಅವರು ಬಲು ಬಿಗಿ. ನೀರನ್ನು ಎತ್ತಿಯೇ ಕುಡಿಯುತ್ತಾರೆ, ಲೋಟ ತುಟಿಗೆ ತಾಗಬಾರದು. ಬಡಿಸುವ ಸೌಟು ಯಾರದಾದರೂ ತಟ್ಟೆಗೆ ತಗುಲಿದರೆ ಬೇರೆ ಸೌಟು ತರಿಸುತ್ತಾರೆ.

ಹೊರಡುವಾಗ ಆಂಟಿ ಪರ್ಸಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ಯಂತ್ರದಲ್ಲಿದ್ದ ಗಂಡನ ಕೊಳವೆಯನ್ನು ಕಿತ್ತು, ಡಬ್ಬಿಯೊಳಗಿನ ಬೇರೆ ಕೊಳವೆ ಸಿಕ್ಕಿಸಿ, ತಾವೇ ಊದಿದರು. ಕಾರು ಸ್ಟಾರ್ಟ್ ಆಯಿತು.

"ಥಂಡಿ ಅದಲ್ಲ, ಇವರಿಗೆ ಉಸಿರು ಸಾಲೂದಿಲ್ಲ" ಎಂದರು, ನನ್ನತ್ತ ತಿರುಗದೆ.

ಸ್ಟೇರಿಂಗ್ ಹಿಡಿದಿದ್ದ ಅಂಕಲ್ ಕಡೆಯಿಂದ ಲವಂಗದ ವಾಸನೆ ಬರುತ್ತಿತ್ತು. ಅದರ ಕೆಳಗೆ ಇನ್ನೊಂದು ವಾಸನೆ. ಏನೋ ಅವಸರಕ್ಕೆ ಒಮ್ಮೆ ಊದುವವರು ತಮ್ಮದೇ ಕೊಳವೆಯನ್ನು ತೊಳೆದು ಡಬ್ಬಿಯಲ್ಲಿ ಇಟ್ಟುಕೊಂಡು ಓಡಾಡುವುದಿಲ್ಲ. ಆಂಟಿಗೆ ಇದು ರೂಢಿಯೇ ಆಗಿತ್ತು. ಅದು ನನಗೆ ಹೊಳೆಯುವಷ್ಟರಲ್ಲಿ ನಾವು ಹೈವೇ ಸೇರಿಬಿಟ್ಟಿದ್ದೆವು.

"ಅಂಕಲ್, ಎಲ್ಲಾದ್ರೂ ನಿಲ್ಲಿಸಿ. ನಾನು ಡ್ರೈವ್ ಮಾಡ್ತೀನಿ, ನೀವು ರೆಸ್ಟ್ ತಗೊಳ್ಳಿ."

"ಯಾಕ ತಂಗಿ? ಹೊಟ್ಟಿ ಕೊಯ್ದ ಕೈ ಇವು. ನೋಡು, ನಡಗ್ತಾವೇನು?" ಎಂದು ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ತೋರಿಸಿದರು. ಕಾರು ಬಲಕ್ಕೆ ವಾಲಿ, ರಸ್ತೆಯ ಅಂಚಿನ ಪಟ್ಟೆಯ ಮೇಲೆ ಚಕ್ರ ಗರಗರ ಎಂದಿತು. ಅವರು ನಕ್ಕರು. ಮಗಳು ನನ್ನ ತೋಳು ಹಿಡಿದಳು.

ಮೊದಲ ಬೀಪಿಗೆ ಆಂಟಿ ಊದಿದರು. ಎರಡನೆಯದು ಬಂದದ್ದು ವೇಕೋ ಊರು ದಾಟಿದ ಮೇಲೆ, ರಸ್ತೆ ಕೆಲಸ ನಡೆಯುತ್ತಿದ್ದ ಜಾಗದಲ್ಲಿ. ಎರಡೂ ಬದಿಗೆ ಕಾಂಕ್ರೀಟ್ ಗೋಡೆ, ಪಕ್ಕಕ್ಕೆ ಸರಿಯಲು ಒಂದು ಮೊಳ ಜಾಗವಿಲ್ಲ. ಹಿಂದೆ ಒಂದು ಟ್ರಕ್ಕು. ತಿರುಗಿ ನೋಡಿದರೆ ಗಾಜಿನ ತುಂಬ ಅದರ ಮುಖವೇ. ಆಂಟಿ ಊದಲು ಹೋದರು, ಕೆಮ್ಮು ಬಂತು. ಅವರಿಗೆ ಅಸ್ತಮಾ. ಮತ್ತೆ ಊದಿದರು, ಮತ್ತೆ ಕೆಮ್ಮು. ಯಂತ್ರ ಒಪ್ಪಲಿಲ್ಲ.

"ಲಗೂ ಊದs! ಎಂಜಿನ್ ಬಂದ್ ಆಗ್ತದ!" ಎಂದು ಅಂಕಲ್ ಕೂಗಿದರು. ಕಾರು ಗೋಡೆಯತ್ತ ಸರಿದು ಮತ್ತೆ ಈಚೆ ಬಂತು.

ಆಂಟಿ ಡಬ್ಬಿಯಿಂದ ಮತ್ತೊಂದು ಕೊಳವೆ ತೆಗೆದು ಸಿಕ್ಕಿಸಿ, ವೈರು ಎಳೆದು, ಹಿಂದಿದ್ದ ನನ್ನ ಮಗಳ ಬಾಯಿಯ ಹತ್ತಿರ ಹಿಡಿದರು. "ಪುಟ್ಟೀ, ನೀ ಊದವಾ. ಹೊಸಾದು ಅದ, ಎಂಜಲಲ್ಲ."

"ಅಮ್ಮಾ, ಈಸ್ ದಿಸ್ ಓಕೆ?" ಎಂದಳು ಮಗಳು. ತುಟಿ ಆಗಲೇ ಅರ್ಧ ತೆರೆದಿತ್ತು. ದೊಡ್ಡವರು ಹೇಳಿದ್ದನ್ನು ಮಾಡುವ ಹುಡುಗಿ ಅವಳು.

ಎಂಜಲು ಎಂಬ ನೆಪ ಹೇಳಿಯೇ ನಾನು ತಪ್ಪಿಸಬೇಕೆಂದಿದ್ದೆ. ನನ್ನ ಬಾಯಿಂದ ಹೊರಡುವ ಮೊದಲೇ ಆಂಟಿ ಆ ಮಾತನ್ನು ಕಿತ್ತುಕೊಂಡರು. ಊದದಿದ್ದರೆ ಟ್ರಕ್ಕಿನ ಮುಂದೆ ಎಂಜಿನ್ ಸತ್ತುಹೋಗುತ್ತದೆ ಎಂದು ನಾನೂ ನಂಬಿದ್ದೆ. ಊದಿದರೆ ಅಂಕಲ್ಲರ ಈ ಕೈಗಳೇ ಜಾರ್ಜ್‌ಟೌನಿನವರೆಗೂ ಓಡಿಸುತ್ತವೆ.

"ಬೇಡ ಆಂಟಿ. ಅವಳು ಊದಲ್ಲ. ನಾನೂ ಊದಲ್ಲ."

ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಎಂಜಿನ್ ನಿಲ್ಲುವುದನ್ನು ಕಾದೆ. ನೆನೆದಾಗೆಲ್ಲ ನಾನು ಮತ್ತೆ ಹೋಗಿ ನಿಲ್ಲುವುದು ಅಲ್ಲಿಯೇ, ಆ ಕಾಯುವಿಕೆಯಲ್ಲಿ.

ಎಂಜಿನ್ ನಿಲ್ಲಲಿಲ್ಲ. ಕಾರಿನ ಹಾರ್ನ್ ತಾನಾಗಿಯೇ ಬಡಿದುಕೊಳ್ಳತೊಡಗಿತು, ದೀಪಗಳು ಮಿನುಗತೊಡಗಿದವು. ಅಷ್ಟೇ. ಓಡುವ ಕಾರನ್ನು ಆ ಯಂತ್ರ ನಿಲ್ಲಿಸುವುದೇ ಇಲ್ಲವಂತೆ; ನಮಗೆ ಯಾರಿಗೂ ಅದು ತಿಳಿದಿರಲಿಲ್ಲ. ಟ್ರಕ್ಕು ಹಿಂದೆ ಸರಿಯಿತು. "ಮಾನಾ ಕಳೀತಲ್ಲೋ ಇದು" ಎಂದು ಬೈಯುತ್ತಾ ಅಂಕಲ್ ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಗ್ಯಾಸ್ ಸ್ಟೇಷನ್ನಿಗೆ ತಂದು ನಿಲ್ಲಿಸಿದರು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ಇಳಿದುಹೋಗಿ ಕೀ ಕೇಳಿದೆ. ಅವರು ಕೊಟ್ಟರು, ಮುಖ ನೋಡದೆ.

ಯಂತ್ರ ಮತ್ತೆ ಸಿದ್ಧವಾಗುವವರೆಗೆ ಕಾದು ಊದಿದೆ. ಉಸಿರು ನಡುಗಿತು, ಯಂತ್ರ ಒಪ್ಪಲಿಲ್ಲ. ಮತ್ತೆ ಊದಿದೆ; ಈ ಸಲ ಒಪ್ಪಿತು.

"ಈಗ ಊದಲಿಕ್ಕೆ ಬರ್ತದ ನಿನಗ" ಎಂದರು, ಹಿಂದೆ ಮಗಳ ಪಕ್ಕ ಬಂದು ಕೂತಿದ್ದ ಆಂಟಿ.

"ಈಗ ಓಡಿಸ್ತಿರೋಳು ನಾನು, ಆಂಟಿ."

ಟೆಂಪಲ್ ಎಂಬ ಊರಿನ ಹತ್ತಿರ ಅದು ಮತ್ತೆ ಬೀಪ್ ಎಂದಿತು. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಯಂತ್ರ, ಪಕ್ಕದಲ್ಲಿ ಮತ್ತೊಂದು ಟ್ರಕ್ಕು. ಊದುತ್ತಾ ಕನ್ನಡಿಯಲ್ಲಿ ನೋಡಿದೆ. ಆಂಟಿಯ ಪಕ್ಕ ಕೂತಿದ್ದ ಮಗಳು ಎರಡೂ ಅಂಗೈಗಳಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಮನೆ ಬರುವವರೆಗೂ ತೆಗೆಯಲಿಲ್ಲ.